ಮೊರಟೋರಿಯಂ: ಕೊಡುವವರಾರು, ತೆಗೆದುಕೊಳ್ಳುವವರಾರು?

2020ರ ಮಾರ್ಚ್ ತಿಂಗಳವರೆಗೆ ವಕೀಲರ ಕಚೇರಿಗಳಲ್ಲಿಯೂ ಬ್ಯಾಂಕುಗಳ ಸುತ್ತೋಲೆಗಳಲ್ಲಿಯೂ ಮಾತ್ರ ಕಾಣಸಿಗುತ್ತಿದ್ದ ‘ಮೊರಟೋರಿಯಂ’ ಎಂಬ ಪದವು ಆ ತಿಂಗಳು ಮುಗಿಯುವಷ್ಟರಲ್ಲಿ ಪೇಟೆಯ ಪ್ರತಿಯೊಂದು ಅಂಗಡಿಯ ಗಲ್ಲೆಯವರೆಗೂ ಬಂದು ತಲುಪಿತು. ಮಾರ್ಚ್ 27ರಂದು ಭಾರತೀಯ ರಿಸರ್ವ್ ಬ್ಯಾಂಕು, ಅವಧಿ ಸಾಲಗಳ ಕಂತುಗಳನ್ನು ಮಾರ್ಚ್ 1ರಿಂದ ಮೇ 31ರವರೆಗೆ ಮುಂದೂಡಲು ಬ್ಯಾಂಕುಗಳಿಗೆ ಅನುಮತಿ ನೀಡಿತು. ಮೇ ತಿಂಗಳಿನಲ್ಲಿ ಈ ಅವಧಿಯನ್ನು ಆಗಸ್ಟ್ 31ರವರೆಗೆ ವಿಸ್ತರಿಸಲಾಯಿತು. ಕೊರೊನಾ ಸೋಂಕಿನ ಭಯದಲ್ಲಿ ಬಾಗಿಲು ಮುಚ್ಚಿ ಕುಳಿತಿದ್ದ ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಇದು ದೊಡ್ಡ ಆಸರೆಯಾಯಿತೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅನೇಕರು ಈ ಹೊಸ ಪದಕ್ಕೆ ತಮಗೆ ತಿಳಿದಂತೆ ಒಂದು ಅರ್ಥ ಕೊಟ್ಟುಕೊಂಡರು. ‘ಆರು ತಿಂಗಳ ಕಂತು ಮಾಫಿಯಾಯಿತು’ ಎಂದು ತಿಳಿದವರು ಕೆಲವರು. ‘ಆರು ತಿಂಗಳ ಬಡ್ಡಿ ಇಲ್ಲ’ ಎಂದು ನಂಬಿದವರು ಇನ್ನು ಕೆಲವರು.

ಮುಂದೆ ಬ್ಯಾಂಕಿನ ಲೆಕ್ಕ ಕೈಗೆ ಬಂದಾಗ ಅಸಲು ಕರಗಿರಲಿಲ್ಲ, ಬಡ್ಡಿ ಮಾತ್ರ ಬೆಳೆದಿತ್ತು. ಸಣ್ಣ ಕೈಗಾರಿಕೆಗಳ ಸಂಘವೊಂದೂ ಸೇರಿದಂತೆ ಹಲವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 2021ರ ಮಾರ್ಚ್ 23ರಂದು ನೀಡಿದ ತೀರ್ಪಿನಲ್ಲಿ ನ್ಯಾಯಾಲಯವು ಬಡ್ಡಿಯನ್ನು ಸಂಪೂರ್ಣವಾಗಿ ಮನ್ನಾ ಮಾಡಬೇಕೆಂಬ ಕೋರಿಕೆಯನ್ನು ಒಪ್ಪಲಿಲ್ಲ. ಅವಧಿಯ ವಿಸ್ತರಣೆಯನ್ನೂ ಒಪ್ಪಲಿಲ್ಲ. ಆದರೆ ಆ ಅವಧಿಗೆ ಬಡ್ಡಿಯ ಮೇಲಣ ಬಡ್ಡಿಯನ್ನಾಗಲಿ ದಂಡ ಬಡ್ಡಿಯನ್ನಾಗಲಿ ವಸೂಲು ಮಾಡಕೂಡದೆಂದು ಸ್ಪಷ್ಟಪಡಿಸಿತು. ಈ ಒಂದು ತೀರ್ಪಿನಲ್ಲಿ ಪದದ ಅರ್ಥವೆಲ್ಲ ಅಡಗಿದೆ. ಮೊರಟೋರಿಯಂ ಎಂದರೆ ಮಾಫಿಯಲ್ಲ, ಆದ್ದರಿಂದ ಸಹಜವಾದ ಬಡ್ಡಿ ನಿಲ್ಲದು. ಅದು ತಪ್ಪೂ ಅಲ್ಲ, ಆದ್ದರಿಂದ ದಂಡ ಸಲ್ಲದು. ಅದು ಅನುಮತಿ ಪಡೆದ ವಿಳಂಬ, ಅಷ್ಟೇ.

ಈ ‘ಅನುಮತಿ’ ಎಂಬ ಮಾತೇ ಇಂದು ವ್ಯಾಪಾರಿ ಸಮುದಾಯವು ಗಮನಿಸಬೇಕಾದ ಮಾತು. ಪೇಟೆಯಲ್ಲಿ ಪ್ರತಿದಿನವೂ ಸಾವಿರಾರು ಬಿಲ್ಲುಗಳು ವಾಯಿದೆ ಮೀರಿ ನಿಂತಿರುತ್ತವೆ. ಅವುಗಳಿಗೆ ಯಾರೂ ಅನುಮತಿ ಕೊಟ್ಟಿರುವುದಿಲ್ಲ. ಆದರೂ ಅನುಮತಿ ಇದ್ದಂತೆಯೇ ವ್ಯವಹಾರ ಸಾಗುತ್ತಿರುತ್ತದೆ. ಇದು ಹೇಗಾಯಿತೆಂಬುದನ್ನು ಅರಿಯಲು ಪದದ ಮೂಲಕ್ಕೆ ಹೋಗುವುದು ಉಪಯುಕ್ತ.

ವಿಳಂಬವೆಂಬ ದೋಷ

ಲ್ಯಾಟಿನ್ ಭಾಷೆಯಲ್ಲಿ ‘ಮೋರಾ’ ಎಂದರೆ ತಡ, ವಿಳಂಬ. ಕನ್ನಡ ಛಂದಸ್ಸಿನಲ್ಲಿ ‘ಮಾತ್ರೆ’ ಎಂದು ಕರೆಯುವ ಕಾಲದ ಅಳತೆಗೂ ಪಾಶ್ಚಾತ್ಯ ವಿದ್ವಾಂಸರು ಬಳಸುವ ಪದ ಇದೇ. ರೋಮನ್ ನ್ಯಾಯಶಾಸ್ತ್ರಜ್ಞರು ಈ ಸಾಧಾರಣ ಪದಕ್ಕೆ ಕಾನೂನಿನ ತೂಕ ಕೊಟ್ಟರು. ಕ್ರಿ.ಶ. 533ರಲ್ಲಿ ಚಕ್ರವರ್ತಿ ಜಸ್ಟೀನಿಯನ್ ಜಾರಿಗೆ ತಂದ ‘ಡೈಜೆಸ್ಟ್’ ಎಂಬ ಬೃಹತ್ ಸಂಗ್ರಹದ 22ನೆಯ ಭಾಗದ ಮೊದಲ ಪ್ರಕರಣದಲ್ಲಿ ಬಡ್ಡಿಯನ್ನೂ ಮೋರಾವನ್ನೂ ಒಂದೇ ಶೀರ್ಷಿಕೆಯಡಿ ಚರ್ಚಿಸಲಾಗಿದೆ. ಬಡ್ಡಿಗೂ ವಿಳಂಬಕ್ಕೂ ಇರುವ ನಂಟನ್ನು ಆ ಕಾಲದವರು ಎಷ್ಟು ಖಚಿತವಾಗಿ ಕಂಡಿದ್ದರೆಂಬುದಕ್ಕೆ ಇದೇ ಸಾಕ್ಷಿ.

ಅವರ ದೃಷ್ಟಿಯಲ್ಲಿ ತಡವಾದುದೆಲ್ಲ ಮೋರಾ ಆಗುತ್ತಿರಲಿಲ್ಲ. ಮಾರ್ಶಿಯನ್ ಎಂಬ ನ್ಯಾಯಶಾಸ್ತ್ರಜ್ಞನ ಅಭಿಪ್ರಾಯದಂತೆ, ವಿಳಂಬವು ವಸ್ತುವಿನಿಂದ ಹುಟ್ಟುವುದಲ್ಲ, ವ್ಯಕ್ತಿಯಿಂದ ಹುಟ್ಟುವುದು. ಸಾಲದಾತನು ತಕ್ಕ ಸ್ಥಳದಲ್ಲಿ ಹಣ ಕೇಳಿದ ಮೇಲೂ ಸಾಲಗಾರನು ಕೊಡದಿದ್ದಾಗ ಮಾತ್ರ ಮೋರಾ ಪ್ರಾರಂಭವಾಗುತ್ತದೆ. ಅಂದರೆ ಕೇಳುವ ಹೊಣೆ ಸಾಲದಾತನದು. ಮುಂದೆ ಯೂರೋಪಿನ ನ್ಯಾಯವಾದಿಗಳು ಇದಕ್ಕೆ ಒಂದು ತಿದ್ದುಪಡಿ ಸೇರಿಸಿದರು: ದಿನಾಂಕ ಮೊದಲೇ ಗೊತ್ತಾಗಿದ್ದರೆ ಬೇರೆಯಾಗಿ ಕೇಳಬೇಕಾಗಿಲ್ಲ, ಆ ದಿನವೇ ಸಾಲದಾತನ ಪರವಾಗಿ ಕೇಳುತ್ತದೆ. ಒಮ್ಮೆ ಮೋರಾ ಆರಂಭವಾಯಿತೆಂದರೆ ಬಡ್ಡಿ ಓಡತೊಡಗುತ್ತಿತ್ತು. ಕೊಡಬೇಕಾದ ವಸ್ತು ಆಕಸ್ಮಿಕವಾಗಿ ನಾಶವಾದರೂ ನಷ್ಟ ತಡ ಮಾಡಿದವನದಾಗುತ್ತಿತ್ತು. ಸಾಲದಾತನೂ ಇದರಿಂದ ಹೊರತಾಗಿರಲಿಲ್ಲ. ಸರಿಯಾದ ಹಣವನ್ನು ಸರಿಯಾದ ದಿನ ಮುಂದಿಟ್ಟರೂ ಸ್ವೀಕರಿಸದವನು ತಾನೇ ವಿಳಂಬದ ದೋಷಿಯಾಗುತ್ತಿದ್ದನು.

ಈ ಪದದ ಇನ್ನೊಂದು ಕವಲು ವರ್ತಕರಿಗೆ ಚಿರಪರಿಚಿತ. ‘ಡೆಮರೇಜ್’ ಎಂಬ ಪದವೂ ಫ್ರೆಂಚ್ ಭಾಷೆಯ ಮೂಲಕ ಇದೇ ಮೋರಾದಿಂದ ಬಂದದ್ದು. ವ್ಯಾಗನ್ನನ್ನು ಗೊತ್ತಾದ ಗಂಟೆಗಳೊಳಗೆ ಖಾಲಿ ಮಾಡದಿದ್ದರೆ ರೈಲ್ವೆಯವರು ಡೆಮರೇಜ್ ಹಾಕುತ್ತಾರೆ. ಬಂದರಿನಲ್ಲಿ ಹಡಗು ಕಾದು ನಿಂತರೆ ಹಡಗಿನವರು ಡೆಮರೇಜ್ ಕೇಳುತ್ತಾರೆ. ಇದನ್ನು ತೆರುವ ವರ್ತಕನು ಗೊಣಗಿದರೂ, ‘ಇದು ಅನ್ಯಾಯ’ ಎನ್ನುವುದಿಲ್ಲ. ನಿಂತ ವ್ಯಾಗನ್ನಿಗೆ ಬಾಡಿಗೆ ಕೊಡುವುದು ನ್ಯಾಯವೆಂದು ಒಪ್ಪುವ ಅದೇ ಪೇಟೆಯಲ್ಲಿ, ನಿಂತ ಹಣಕ್ಕೆ ಬಡ್ಡಿ ಕೇಳುವುದು ಮಾತ್ರ ಅಪಚಾರವೆಂಬಂತೆ ಆಗಿರುವುದು ವಿಚಿತ್ರವಲ್ಲವೆ?

ವಿಳಂಬವೆಂಬ ಅನುಮತಿ

ಮೋರಾ ದೋಷವಾದರೆ, ಅದೇ ಧಾತುವಿನಿಂದ ಹುಟ್ಟಿದ ಮೊರಟೋರಿಯಂ ಆ ದೋಷದಿಂದ ತಾತ್ಕಾಲಿಕ ವಿನಾಯಿತಿ. ಕಷ್ಟದಲ್ಲಿದ್ದ ಸಾಲಗಾರರು ಚಕ್ರವರ್ತಿಗೆ ಮೊರೆಯಿಟ್ಟು ಕಾಲಾವಕಾಶದ ಆಜ್ಞಾಪತ್ರ ಪಡೆಯುವ ಪದ್ಧತಿ ರೋಮನ್ ಸಾಮ್ರಾಜ್ಯದ ಉತ್ತರಾರ್ಧದಲ್ಲಿತ್ತು. ಇದು ದುರುಪಯೋಗವಾಗದಂತೆ ನಾಲ್ಕನೆಯ ಶತಮಾನದ ಚಕ್ರವರ್ತಿಗಳು ಒಂದು ಷರತ್ತು ವಿಧಿಸಿದರು. ಸಾಲವನ್ನು ತೀರಿಸುವ ಬಗೆಗೆ ತಕ್ಕ ಜಾಮೀನು ಒದಗಿಸಿದರೆ ಮಾತ್ರ ಅಂತಹ ಆಜ್ಞಾಪತ್ರಕ್ಕೆ ಬೆಲೆ. ಕಾಲ ಕೇಳುವವನು ಕೈ ಬೀಸಿಕೊಂಡು ಬರುವಂತಿಲ್ಲ. ಭರವಸೆಯನ್ನು ಜೊತೆಗೆ ತರಬೇಕೆಂಬುದು ಅದರ ತಾತ್ಪರ್ಯ.

ಆಧುನಿಕ ಕಾಲದಲ್ಲಿ ಈ ವ್ಯವಸ್ಥೆಗೆ ಮತ್ತೆ ಜೀವ ಬಂದದ್ದು ಯುದ್ಧಗಳಿಂದ. 1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾಗಳ ನಡುವೆ ಯುದ್ಧ ಆರಂಭವಾದಾಗ ಫ್ರೆಂಚ್ ಸರ್ಕಾರವು ಹುಂಡಿಗಳ ವಾಯಿದೆಯನ್ನು ಕಾನೂನಿನ ಮೂಲಕ ಮುಂದೂಡಿತು. ಇಂಗ್ಲೆಂಡಿನಲ್ಲಿ ಬರೆದು ಪ್ಯಾರಿಸಿನಲ್ಲಿ ಹಣ ಸಲ್ಲಬೇಕಾಗಿದ್ದ ಒಂದು ಹುಂಡಿಯ ವ್ಯಾಜ್ಯ 1875ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ತೀರ್ಮಾನವಾಯಿತು. ಹಣ ಸಲ್ಲಬೇಕಾದ ಸ್ಥಳದ ಕಾನೂನೇ ವಾಯಿದೆಯನ್ನು ನಿರ್ಧರಿಸುತ್ತದೆಂದು ನ್ಯಾಯಾಲಯ ಹೇಳಿತು. ಈ ಪದವು ಇಂಗ್ಲಿಷಿನಲ್ಲಿ ನೆಲೆಗೊಂಡದ್ದೂ ಸುಮಾರು ಆ ಹೊತ್ತಿಗೇ. 1914ರ ಆಗಸ್ಟಿನಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಬ್ರಿಟನ್ ಕೂಡ ಕಾನೂನು ಮಾಡಿ ಹುಂಡಿ ಮತ್ತಿತರ ಪಾವತಿಗಳನ್ನು ಕೆಲವು ತಿಂಗಳ ಕಾಲ ಮುಂದೂಡಿತು. 1931ರ ಜೂನ್ 20ರಂದು ಅಮೆರಿಕದ ಅಧ್ಯಕ್ಷ ಹೂವರ್ ಅವರು ರಾಷ್ಟ್ರಗಳ ನಡುವಣ ಯುದ್ಧಸಾಲಗಳಿಗೆ ಒಂದು ವರ್ಷದ ಮೊರಟೋರಿಯಂ ಸೂಚಿಸಿದಾಗ ಪದವು ಜಗತ್ತಿನ ಪತ್ರಿಕೆಗಳ ಮುಖಪುಟಕ್ಕೆ ಬಂದಿತು.

ಈ ಎಲ್ಲ ಪ್ರಸಂಗಗಳಲ್ಲಿ ನಾಲ್ಕು ಲಕ್ಷಣಗಳು ಸಮಾನವಾಗಿವೆ. ಮೊದಲನೆಯದಾಗಿ, ಕಾಲಾವಕಾಶವನ್ನು ಕೊಟ್ಟವರು ಸರ್ಕಾರ ಅಥವಾ ಸಾಲದಾತರು; ಸಾಲಗಾರನು ತನಗೆ ತಾನೇ ಕೊಟ್ಟುಕೊಂಡದ್ದಲ್ಲ. ಎರಡನೆಯದಾಗಿ, ಅದು ನಾಲ್ಕು ಜನರಿಗೆ ತಿಳಿಯುವಂತೆ ಬರೆಹದಲ್ಲಿತ್ತು. ಮೂರನೆಯದಾಗಿ, ಅದಕ್ಕೊಂದು ಕೊನೆಯ ದಿನವಿತ್ತು. ನಾಲ್ಕನೆಯದಾಗಿ, ಅವಧಿ ಮುಗಿದ ಮೇಲೂ ಋಣ ಹಾಗೆಯೇ ಉಳಿದಿತ್ತು.

ಕನ್ನಡನಾಡಿನ ಪೇಟೆಗಳಿಗೂ ಈ ತಿಳಿವಳಿಕೆ ಹೊಸತಲ್ಲ. ಉತ್ತರ ಕರ್ನಾಟಕದ ಹಳೆಯ ದಫ್ತರಗಳಲ್ಲಿ ‘ತಹಕೂಬು’ ಎಂದರೆ ಮುಂದೂಡಿಕೆ, ‘ಮಾಫಿ’ ಎಂದರೆ ಬಿಟ್ಟುಕೊಡುವಿಕೆ. ಒಂದನ್ನು ಇನ್ನೊಂದೆಂದು ಯಾರೂ ತಿಳಿಯುತ್ತಿರಲಿಲ್ಲ. ‘ವಾಯಿದೆ’ ಎಂಬ ಪದವಂತೂ ವಚನ, ಮಾತು ಕೊಡುವುದು ಎಂಬರ್ಥದ ಅರಬ್ಬೀ ಪದದಿಂದ ಬಂದದ್ದು. ವಾಯಿದೆ ಮೀರಿದರೆ ಮಾತು ಮೀರಿದಂತೆಂಬ ಅರ್ಥ ಪದದ ಒಳಗೇ ಇದೆ.

ತೆಗೆದುಕೊಂಡ ಮೊರಟೋರಿಯಂ

ಇಂದಿನ ಪೇಟೆಯ ಸ್ಥಿತಿಯನ್ನು ಈ ನಾಲ್ಕು ಲಕ್ಷಣಗಳ ಪಕ್ಕದಲ್ಲಿಟ್ಟು ನೋಡಬೇಕು. ಪೀಣ್ಯದ ಒಂದು ಯಂತ್ರಭಾಗದ ಘಟಕವೋ ಬೆಳಗಾವಿಯ ಉದ್ಯಮಬಾಗದ ಒಂದು ಎರಕದ ಕಾರ್ಖಾನೆಯೋ 4 ಲಕ್ಷ ರೂ. ಬೆಲೆಯ ಸರಕನ್ನು ದೊಡ್ಡ ಕಂಪನಿಯೊಂದಕ್ಕೆ ಕಳುಹಿಸಿತೆಂದು ಇಟ್ಟುಕೊಳ್ಳಬಹುದು. ಶೇ. 18ರ ಜಿ.ಎಸ್.ಟಿ. ಸೇರಿ ಬಿಲ್ಲಿನ ಮೊತ್ತ 4,72,000 ರೂ. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಘಟಕವಾದರೆ, ಹಣ ಬರಲಿ ಬಿಡಲಿ, 72,000 ರೂ. ತೆರಿಗೆಯ ಹೊಣೆಯನ್ನು ಮುಂದಿನ ತಿಂಗಳ 20ನೆಯ ತಾರೀಖಿನೊಳಗೆ ತೀರಿಸಬೇಕು. ಕಬ್ಬಿಣದ ವ್ಯಾಪಾರಿಗೆ, ಕೂಲಿಕಾರರಿಗೆ, ವಿದ್ಯುತ್ ಕಂಪನಿಗೆ ಆಯಾ ದಿನವೇ ಕೊಡಬೇಕು. ಕೊರತೆಯನ್ನು ಬ್ಯಾಂಕಿನ ಓವರ್‌ಡ್ರಾಫ್ಟಿನಿಂದ ತುಂಬಿಸಿಕೊಂಡರೆ ಅದರ ಬಡ್ಡಿ ತಿಂಗಳ ಕೊನೆಗೆ ತಾನಾಗಿಯೇ ಖಾತೆಗೆ ಬೀಳುತ್ತದೆ. ಇತ್ತ ಖರೀದಿದಾರ ಕಂಪನಿಯ ಲೆಕ್ಕವಿಭಾಗದಿಂದ ಬರುವ ಉತ್ತರ ‘ಮುಂದಿನ ವಾರ ನೋಡೋಣ’ ಎಂಬುದಷ್ಟೇ. ಈ ಕಾಲಾವಕಾಶವನ್ನು ಯಾರೂ ಕೊಟ್ಟಿಲ್ಲ, ಎಲ್ಲಿಯೂ ಬರೆದಿಲ್ಲ, ಅದಕ್ಕೆ ಕೊನೆಯ ದಿನವಿಲ್ಲ. ಋಣವೊಂದು ಉಳಿದಿದೆಯೆಂಬುದನ್ನು ಬಿಟ್ಟರೆ ಮೊರಟೋರಿಯಮ್ಮಿನ ಯಾವ ಲಕ್ಷಣವೂ ಇದಕ್ಕಿಲ್ಲ. ಇದು ಖರೀದಿದಾರನು ತನಗೆ ತಾನೇ ಮಂಜೂರು ಮಾಡಿಕೊಂಡ ಸಾಲ. ಅದಕ್ಕೆ ಬಡ್ಡಿ ಕಟ್ಟುವವನು ಮಾತ್ರ ಸರಬರಾಜುದಾರ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 63ನೆಯ ಕಲಮಿನಂತೆ ಕರಾರಿನ ಪಾಲನೆಗೆ ಹೆಚ್ಚಿನ ಕಾಲ ಕೊಡುವ ಅಧಿಕಾರವಿರುವುದು ವಾಗ್ದಾನ ಪಡೆದವನಿಗೆ, ಅಂದರೆ ಹಣ ಬರಬೇಕಾದವನಿಗೆ. 1978ರ ಬಡ್ಡಿ ಅಧಿನಿಯಮದ 3ನೆಯ ಕಲಮು ಇನ್ನೂ ಮುಂದೆ ಹೋಗುತ್ತದೆ. ದಿನಾಂಕ ನಮೂದಾದ ಲಿಖಿತ ಪತ್ರವಿಲ್ಲದ ಬಾಕಿಗೆ ಸಂಬಂಧಿಸಿದಂತೆಯೂ, ‘ಬಡ್ಡಿ ಕೇಳಲಾಗುವುದು’ ಎಂದು ತಿಳಿಸುವ ಲಿಖಿತ ನೋಟಿಸಿನಲ್ಲಿ ಹೇಳಿದ ದಿನದಿಂದ ನ್ಯಾಯಾಲಯವು ಬಡ್ಡಿ ಕೊಡಿಸಬಹುದು. ಮಾರ್ಶಿಯನ್ನನೂ ಮುಂದಿನ ಯೂರೋಪಿನ ನ್ಯಾಯವಾದಿಗಳೂ ಹೇಳಿದ ಮಾತೇ ಇಲ್ಲಿ ಮತ್ತೆ ಕಾಣುತ್ತದೆ: ದಿನಾಂಕ ಬರೆದಿದ್ದರೆ ದಿನವೇ ಕೇಳುತ್ತದೆ, ಬರೆಯದಿದ್ದರೆ ಬಾಯಿಬಿಟ್ಟು ಕೇಳಬೇಕು. ಹುಂಡಿ ಅಥವಾ ಪ್ರಾಮಿಸರಿ ನೋಟಿನಲ್ಲಿ ಬಡ್ಡಿಯ ದರವನ್ನು ನಮೂದಿಸದಿದ್ದರೆ, ಹಣ ಸಲ್ಲಬೇಕಾಗಿದ್ದ ದಿನದಿಂದ ಶೇ. 18ರ ದರವನ್ನು ಹುಂಡಿ ಮತ್ತು ಚೆಕ್ಕುಗಳಿಗೆ ಸಂಬಂಧಿಸಿದ 1881ರ ಅಧಿನಿಯಮದ 80ನೆಯ ಕಲಮು ಗೊತ್ತುಪಡಿಸಿದೆ.

ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಇದಕ್ಕಿಂತ ಬಲವಾದ ಆಧಾರವಿದೆ. 1993ರಲ್ಲಿ ಸಂಸತ್ತು ಸಣ್ಣ ಕೈಗಾರಿಕೆಗಳ ವಿಳಂಬಿತ ಪಾವತಿಗೆ ಬಡ್ಡಿ ವಿಧಿಸುವ ಪ್ರತ್ಯೇಕ ಅಧಿನಿಯಮವನ್ನೇ ರಚಿಸಿತು. 2006ರ ಅಕ್ಟೋಬರ್ 2ರಂದು ಜಾರಿಗೆ ಬಂದ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮವು ಅದರ ಸ್ಥಾನವನ್ನು ಪಡೆಯಿತು. ಇದರ 15ನೆಯ ಕಲಮಿನಂತೆ ಲಿಖಿತ ಒಪ್ಪಂದವಿದ್ದರೆ ಒಪ್ಪಿದ ದಿನದೊಳಗೆ ಹಣ ಕೊಡಬೇಕು. ಆದರೆ ಆ ದಿನವು ಸರಕನ್ನು ಸ್ವೀಕರಿಸಿದ ದಿನದಿಂದ 45 ದಿನಗಳನ್ನು ಮೀರುವಂತಿಲ್ಲ. ಲಿಖಿತ ಒಪ್ಪಂದವಿಲ್ಲದಿದ್ದರೆ ಸಿಗುವುದು ಕೇವಲ 15 ದಿನ. ಸರಕು ತಲುಪಿದ 15 ದಿನಗಳೊಳಗೆ ಖರೀದಿದಾರನು ಬರೆಹದಲ್ಲಿ ಆಕ್ಷೇಪಣೆ ಸಲ್ಲಿಸದಿದ್ದರೆ ಸರಕು ತಲುಪಿದ ದಿನವೇ ಸ್ವೀಕರಿಸಿದಂತೆ ಭಾವಿಸಲಾಗುತ್ತದೆ. ಆರು ತಿಂಗಳ ಮೇಲೆ ‘ಮಾಲಿನಲ್ಲಿ ದೋಷವಿತ್ತು’ ಎಂದು ಹೇಳುವ ಚಾಳಿಗೆ ಇದು ತಕ್ಕ ಉತ್ತರ.

ವಾಯಿದೆ ಮೀರಿದರೆ 16ನೆಯ ಕಲಮಿನಂತೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳು ತಿಂಗಳಿಗೆ ಚಕ್ರಬಡ್ಡಿಯಾಗಿ ಕೊಡಬೇಕು. ಲೆಕ್ಕಕ್ಕಾಗಿ ಬ್ಯಾಂಕ್ ದರ ಶೇ. 6 ಎಂದು ಹಿಡಿದರೆ ವರ್ಷಕ್ಕೆ ಶೇ. 18, ತಿಂಗಳಿಗೆ ಶೇ. 1.5 ಆಗುತ್ತದೆ. ಮೇಲಿನ 4,72,000 ರೂ. ಬಿಲ್ಲು ವಾಯಿದೆಯಾದ ಮೇಲೆ ಆರು ತಿಂಗಳು ನಿಂತರೆ ಬಡ್ಡಿಯೇ ಸುಮಾರು 44,100 ರೂ. ಎಷ್ಟೋ ಸಣ್ಣ ಘಟಕಗಳಿಗೆ ಇಷ್ಟು ಮೊತ್ತದ ವ್ಯವಹಾರದಲ್ಲಿ ಲಾಭವಾಗಿ ಉಳಿಯುವುದು ಇದಕ್ಕಿಂತ ಕಡಿಮೆ. ಈ ಬಡ್ಡಿಯನ್ನು ಖರೀದಿದಾರನು ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ. ಸೌಲಭ್ಯ ಪರಿಷತ್ತು ಸರಬರಾಜುದಾರನ ಪರವಾಗಿ ತೀರ್ಪಿತ್ತ ಮೇಲೆ ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬೇಕಾದರೆ ಮೊತ್ತದ ಶೇ. 75ರಷ್ಟನ್ನು ಠೇವಣಿ ಇಡಬೇಕು. 2023ರ ಹಣಕಾಸು ಅಧಿನಿಯಮವು ಅಂದಿನ ಆದಾಯ ತೆರಿಗೆ ಅಧಿನಿಯಮದ 43ಬಿ ಕಲಮಿಗೆ ಸೇರಿಸಿದ ಉಪಬಂಧವು, 15ನೆಯ ಕಲಮಿನ ಗಡುವು ಮೀರಿದ ಬಾಕಿಯನ್ನು ಹಣ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚೆಂದು ಪರಿಗಣಿಸುವಂತೆ ಮಾಡಿತು. ಜಿ.ಎಸ್.ಟಿ. ಕಾನೂನಿನಂತೆಯೂ ಬಿಲ್ಲಿನ ದಿನದಿಂದ 180 ದಿನಗಳೊಳಗೆ ಹಣ ಕೊಡದ ಖರೀದಿದಾರನು ಪಡೆದುಕೊಂಡ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ.

ಇಲ್ಲಿ ವರ್ತಕರು ಒಂದು ಭೇದವನ್ನು ನೆನಪಿಡಬೇಕು. 2021ರ ಜುಲೈ 2ರ ಆದೇಶದ ಮೂಲಕ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ದೊರೆಯಿತಾದರೂ ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕೆ ಮಾತ್ರ ಮಿತಿಗೊಳಿಸಲಾಯಿತು. ವಿಳಂಬಿತ ಪಾವತಿಯ ರಕ್ಷಣೆ ತಯಾರಕರಿಗೂ ಸೇವಾ ಘಟಕಗಳಿಗೂ ಉಂಟು. ಸರಕನ್ನು ಕೊಂಡು ಮಾರುವ ವರ್ತಕನಿಗೆ ಇಲ್ಲ. ತಡವಾದ ಹಣದಿಂದ ಆಗುವ ನಷ್ಟ ಇಬ್ಬರಿಗೂ ಒಂದೇ ಆಗಿರುವಾಗ ಈ ಭೇದಕ್ಕೆ ಸಮರ್ಥನೆ ಕಾಣುವುದಿಲ್ಲ. ಅದು ಬದಲಾಗುವವರೆಗೆ ವರ್ತಕನಿಗೆ ಬಡ್ಡಿ ಅಧಿನಿಯಮ, ಹುಂಡಿ ಮತ್ತು ತನ್ನ ಬಿಲ್ಲಿನ ಮೇಲೆ ಅಚ್ಚಾದ ಷರತ್ತುಗಳೇ ಆಸರೆ.

ಕಾನೂನು ಕೊಟ್ಟ ಮೊರಟೋರಿಯಂ

ಖರೀದಿದಾರನು ತಾನೇ ತೆಗೆದುಕೊಂಡ ಕಾಲಾವಕಾಶವು ಕೆಲವೊಮ್ಮೆ ಇದ್ದಕ್ಕಿದ್ದಂತೆ ಕಾನೂನುಬದ್ಧ ಮೊರಟೋರಿಯಂ ಆಗಿ ಮಾರ್ಪಡುತ್ತದೆ. ಸರಬರಾಜುದಾರನಿಗೆ ಅತ್ಯಂತ ಅಪಾಯದ ಘಳಿಗೆ ಇದು. 2016ರ ದಿವಾಳಿ ಸಂಹಿತೆಯ 14ನೆಯ ಕಲಮಿನಂತೆ, ಕಂಪನಿಯೊಂದರ ವಿರುದ್ಧದ ಅರ್ಜಿ ಅಂಗೀಕಾರವಾದಾಗ ನ್ಯಾಯಮಂಡಳಿಯು ಮೊರಟೋರಿಯಂ ಘೋಷಿಸುತ್ತದೆ. ಅಂದಿನಿಂದ ಆ ಕಂಪನಿಯ ಮೇಲೆ ದಾವೆ ಹೂಡುವಂತಿಲ್ಲ, ಹೂಡಿದ ದಾವೆ ಮುಂದುವರಿಯುವಂತಿಲ್ಲ, ಡಿಕ್ರಿಯನ್ನು ಜಾರಿ ಮಾಡಿಸುವಂತಿಲ್ಲ. ಸರಕು ಕೊಟ್ಟವನು ‘ಕಾರ್ಯಾಚರಣೆಯ ಸಾಲದಾತ’ನೆಂಬ ವರ್ಗಕ್ಕೆ ಸೇರುತ್ತಾನೆ. ಕಂಪನಿಯ ಭವಿಷ್ಯವನ್ನು ನಿರ್ಧರಿಸುವ ಸಾಲದಾತರ ಸಮಿತಿಯಲ್ಲಿ ಸಾಮಾನ್ಯವಾಗಿ ಬ್ಯಾಂಕುಗಳಿಗೆ ಮತವುಂಟು, ಅವನಿಗಿಲ್ಲ.

ಆದರೆ ಇಲ್ಲಿಯೂ ಪದದ ಅರ್ಥ ತಿಳಿದವನಿಗೆ ಕೆಲವು ದಾರಿಗಳಿವೆ. ಮೊರಟೋರಿಯಂ ದಾವೆಯನ್ನು ತಡೆಯುತ್ತದೆಯೇ ಹೊರತು ಋಣವನ್ನು ಅಳಿಸುವುದಿಲ್ಲ. ಪತ್ರಿಕಾ ಪ್ರಕಟಣೆ ಬಂದ ಕೂಡಲೇ ತನ್ನ ಬಾಕಿಯನ್ನು ಪರಿಹಾರ ವೃತ್ತಿಪರನ ಮುಂದೆ ದಾಖಲೆ ಸಹಿತ ಮಂಡಿಸಬೇಕು. ಪರಿಹಾರ ಯೋಜನೆ ಮಂಜೂರಾದ ಮೇಲೆ ಅದರಲ್ಲಿ ಸೇರದ ಬಾಕಿಗಳು ನಶಿಸಿಹೋಗುತ್ತವೆಂದು ಸರ್ವೋಚ್ಚ ನ್ಯಾಯಾಲಯ 2021ರ ಏಪ್ರಿಲ್ 13ರ ತೀರ್ಪಿನಲ್ಲಿ ಹೇಳಿದೆ. ಕಂಪನಿಯ ನಿರ್ದೇಶಕರು ವೈಯಕ್ತಿಕ ಜಾಮೀನು ಕೊಟ್ಟಿದ್ದರೆ 14ನೆಯ ಕಲಮಿನ ರಕ್ಷಣೆ ಅವರಿಗೆ ಅನ್ವಯಿಸದೆಂಬುದನ್ನು 2018ರ ತಿದ್ದುಪಡಿ ಸ್ಪಷ್ಟಪಡಿಸಿತು. ಕಾಲಾವಕಾಶದ ಜೊತೆಗೆ ಜಾಮೀನೂ ಇರಬೇಕೆಂದು ರೋಮನ್ ಚಕ್ರವರ್ತಿಗಳು ಏಕೆ ಹೇಳಿದರೆಂಬುದು ಇಲ್ಲಿ ಅರ್ಥವಾಗುತ್ತದೆ. ವಾಯಿದೆ ಮೀರಿದ 46ನೆಯ ದಿನ ಕೇಳದೆ ಸುಮ್ಮನಿದ್ದವನು, ಕಂಪನಿ ನ್ಯಾಯಮಂಡಳಿಯ ಮುಂದೆ ನಿಂತ ದಿನ ಬ್ಯಾಂಕುಗಳ ಹಿಂದಿನ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಮೌನದ ಬೆಲೆ

ಇಷ್ಟೊಂದು ಕಾನೂನುಗಳಿದ್ದರೂ ಸಣ್ಣ ಉದ್ಯಮಿ ಏಕೆ ಕೇಳುವುದಿಲ್ಲ? ಉತ್ತರ ಎಲ್ಲರಿಗೂ ತಿಳಿದದ್ದೇ. ಪರಿಷತ್ತಿಗೆ ಅರ್ಜಿ ಹಾಕಿದರೆ ಮುಂದಿನ ಆರ್ಡರು ಬರುವುದಿಲ್ಲ. ವರ್ಷದ ವಹಿವಾಟಿನ ಅರ್ಧಪಾಲು ಒಬ್ಬನೇ ಖರೀದಿದಾರನಿಂದ ಬರುತ್ತಿರುವಾಗ ಅವನ ಮೇಲೆ ದೂರು ಕೊಡು ಎನ್ನುವುದು, ಕುಳಿತ ಕೊಂಬೆಯನ್ನೇ ಕಡಿ ಎಂದಂತೆ. ಈ ಭಯ ನಿಜವಾದದ್ದು. ಅದನ್ನು ಹೇಡಿತನವೆಂದು ಜರೆಯುವುದು ಸುಲಭ, ನ್ಯಾಯವಲ್ಲ.

ಆದರೆ ಮೌನಕ್ಕೂ ಬೆಲೆಯುಂಟೆಂಬುದನ್ನು ಲೆಕ್ಕ ಹಾಕಬೇಕು. ಕರಾರು ಅಧಿನಿಯಮದ 137ನೆಯ ಕಲಮು ಹೇಳುವಂತೆ, ಸಾಲದಾತನು ದಾವೆ ಹೂಡದೆ ತಾಳ್ಮೆಯಿಂದ ಇದ್ದ ಮಾತ್ರಕ್ಕೆ ಜಾಮೀನುದಾರನು ಬಿಡುಗಡೆಯಾಗುವುದಿಲ್ಲ. ತಾಳ್ಮೆ ಬೇರೆ, ಕಾಲ ಕೊಡುವ ಒಪ್ಪಂದ ಬೇರೆ. ಅಷ್ಟರಮಟ್ಟಿಗೆ ಕಾನೂನು ತಾಳ್ಮೆಯನ್ನು ಗೌರವಿಸುತ್ತದೆ. ಆದರೆ ಕಾಲಮಿತಿ ಕಾನೂನು ತಾಳ್ಮೆಯನ್ನು ನೋಡುವುದಿಲ್ಲ. 1963ರ ಅಧಿನಿಯಮದಂತೆ ಸರಕಿನ ಬೆಲೆಗಾಗಿ ದಾವೆ ಹೂಡಲು ಇರುವುದು ಮೂರು ವರ್ಷ: ಉದ್ರಿಯ ಅವಧಿ ಗೊತ್ತಾಗಿದ್ದರೆ ಅದು ಮುಗಿದ ದಿನದಿಂದ, ಇಲ್ಲದಿದ್ದರೆ ಸರಕು ಒಪ್ಪಿಸಿದ ದಿನದಿಂದ. ಆ ಮೂರು ವರ್ಷಗಳೊಳಗೆ ಬಾಕಿಯನ್ನು ಒಪ್ಪಿಕೊಂಡ ಸಹಿಯ ಕಾಗದ ಕೈಯಲ್ಲಿದ್ದರೆ ಕಾಲ ಹೊಸದಾಗಿ ಆರಂಭವಾಗುತ್ತದೆ. ಟೆಲಿಫೋನಿನಲ್ಲಿ ಕೇಳಿದ ‘ಮುಂದಿನ ವಾರ’ ಎಂಬ ಮಾತಿನಿಂದ ಆಗುವುದಿಲ್ಲ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ದೊಡ್ಡ ಕಂಪನಿಯ ಬಾಗಿಲಲ್ಲಿ ಕಾಯುವ ಉದ್ಯಮಿಯ ಬಾಗಿಲಲ್ಲಿಯೂ ಕಾಯುವವರಿದ್ದಾರೆ. ಎರಡು ಲೇತ್ ಇಟ್ಟುಕೊಂಡು ಜಾಬ್‌ವರ್ಕ್ ಮಾಡುವವನು, ಪ್ಯಾಕಿಂಗ್ ಪೆಟ್ಟಿಗೆ ಮಾಡಿಕೊಡುವ ಬಡಗಿ, ಟೆಂಪೋದವನು, ಹಮಾಲರ ಮೇಸ್ತ್ರಿ ಇವರೆಲ್ಲ ‘ಪಾರ್ಟಿಯಿಂದ ಹಣ ಬಂದ ಕೂಡಲೇ’ ಎಂಬ ಮಾತನ್ನು ಕೇಳಿ ಹಿಂದಿರುಗುವವರೇ. ಮೇಲಿನವನು ತೆಗೆದುಕೊಂಡ ಮೊರಟೋರಿಯಂ ಹೀಗೆ ಮೆಟ್ಟಿಲಿಳಿಯುತ್ತಾ ಬಂದು, ಅದನ್ನು ಹೊರಲು ಅತ್ಯಂತ ಅಶಕ್ತನಾದವನ ತಲೆಯ ಮೇಲೆ ಕೂರುತ್ತದೆ. ಜಾಬ್‌ವರ್ಕಿನವನು ಉದ್ಯಮ್ ನೋಂದಣಿ ಮಾಡಿಸಿಕೊಂಡ ಸೂಕ್ಷ್ಮ ಘಟಕವಾಗಿದ್ದರೆ 45 ದಿನಗಳ ಕಟ್ಟು ಅವನಿಗೆ ಕೊಡಬೇಕಾದ ಹಣಕ್ಕೂ ಅಷ್ಟೇ ಅನ್ವಯಿಸುತ್ತದೆಂಬುದನ್ನು ಅನೇಕ ಸಣ್ಣ ತಯಾರಕರು ಗಮನಿಸಿಲ್ಲ. ತನ್ನ ಕೆಳಗಿನವನಿಗೆ ದಿನ ಬರೆದುಕೊಡದವನು ಮೇಲಿನವನಿಂದ ದಿನ ಬರೆಸಿಕೊಳ್ಳುವಾಗ ಅವನ ಮಾತಿಗೆ ತೂಕ ಬರುವುದಾದರೂ ಹೇಗೆ?

ಆಗಬೇಕಾದ್ದು

ಒಬ್ಬೊಬ್ಬನೇ ಕೇಳಲು ಹೆದರುವ ಮಾತನ್ನು ಎಲ್ಲರೂ ಒಂದೇ ರೀತಿ ಕೇಳಿದರೆ ಅದು ಪೇಟೆಯ ಪದ್ಧತಿಯಾಗುತ್ತದೆ. ಯಾರ ಮೇಲೂ ಸಿಟ್ಟಾಗಲು ಖರೀದಿದಾರನಿಗೆ ಕಾರಣವಿರುವುದಿಲ್ಲ. ರೈಲ್ವೆಯವರು ಡೆಮರೇಜ್ ಕೇಳಿದರೆ ಯಾರೂ ಮುನಿಸಿಕೊಳ್ಳದಿರುವುದು ಅದು ಎಲ್ಲರಿಗೂ ಒಂದೇ ಆಗಿರುವುದರಿಂದ. ವಾಣಿಜ್ಯ ಸಂಸ್ಥೆಗಳು ಹುಟ್ಟಿದ್ದೇ ಇಂತಹ ಪದ್ಧತಿಗಳನ್ನು ನೆಲೆಗೊಳಿಸಲು. ಸದಸ್ಯರೆಲ್ಲರ ಬಿಲ್ಲಿನ ಮೇಲೆ ಮೂರು ಸಂಗತಿಗಳು ತಪ್ಪದೆ ಅಚ್ಚಾಗುವಂತೆ ಅವು ನೋಡಿಕೊಳ್ಳಬಹುದು: ಹಣ ಸಲ್ಲಬೇಕಾದ ದಿನಾಂಕ, ತಡವಾದರೆ ಬಡ್ಡಿಯ ದರ, ಇದ್ದರೆ ಉದ್ಯಮ್ ನೋಂದಣಿಯ ಸಂಖ್ಯೆ. ನೋಂದಣಿಯನ್ನು ವ್ಯವಹಾರಕ್ಕೆ ಮೊದಲೇ ಮಾಡಿಸಿಕೊಂಡಿರುವುದು ಕ್ಷೇಮ. ಆಮೇಲೆ ಮಾಡಿಸಿದವರ ಹಕ್ಕಿನ ಬಗೆಗೆ ನ್ಯಾಯಾಲಯಗಳಲ್ಲಿ ಸಾಕಷ್ಟು ಜಿಜ್ಞಾಸೆ ನಡೆದಿದೆ. ವಾಯಿದೆ ಮೀರಿದ ಮರುದಿನ ಹೋಗಬೇಕಾದ ವಿನಯದ, ಆದರೆ ಸ್ಪಷ್ಟವಾದ ಜ್ಞಾಪನಪತ್ರದ ಮಾದರಿಯೊಂದನ್ನು ಸಂಸ್ಥೆಗಳೇ ಸಿದ್ಧಪಡಿಸಿ ಕೊಡಬಹುದು. ವರ್ತಕರನ್ನೂ ವಿಳಂಬಿತ ಪಾವತಿಯ ರಕ್ಷಣೆಗೆ ಒಳಪಡಿಸಬೇಕೆಂದು ಕೇಂದ್ರ ಸರ್ಕಾರದ ಮುಂದೆ ಒಟ್ಟಾಗಿ ಬೇಡಿಕೆ ಮಂಡಿಸಬಹುದು.

ಹಣದ ಮುಗ್ಗಟ್ಟು ಯಾರಿಗಾದರೂ ಬರಬಹುದು. ಅಂತಹ ಸಮಯದಲ್ಲಿ ಕಾಲ ಕೇಳುವುದು ಅವಮಾನವಲ್ಲ, ಕೊಡುವುದು ದೌರ್ಬಲ್ಯವಲ್ಲ. ಖರೀದಿದಾರನು ವಾಯಿದೆಯ ದಿನಕ್ಕೆ ಮೊದಲೇ ಒಂದು ಪತ್ರ ಬರೆದು, ಬಾಕಿಯ ಮೊತ್ತವನ್ನು ಒಪ್ಪಿಕೊಂಡು, ಇಂತಹ ದಿನ ಕೊಡುತ್ತೇನೆ, ಅಲ್ಲಿಯವರೆಗೆ ಇಷ್ಟು ಬಡ್ಡಿ ಎಂದು ತಿಳಿಸಿದರೆ ಅದು ನಿಜವಾದ ಮೊರಟೋರಿಯಂ. ಕಾನೂನಿನ 45 ದಿನಗಳ ಮಿತಿ ಅದರಿಂದ ಬದಲಾಗುವುದಿಲ್ಲವಾದರೂ ಇಬ್ಬರ ನಡುವಣ ವಿಶ್ವಾಸ ಉಳಿಯುತ್ತದೆ. ಅಂತಹ ಪತ್ರ ಬಂದಾಗ ಕಾಲ ಕೊಡಲು ಹಿಂಜರಿಯುವ ವರ್ತಕನು ಈ ನಾಡಿನಲ್ಲಿ ವಿರಳ. ಅಡ್ಡಿಯಿರುವುದು ಕಾಲ ಕೊಡುವುದಕ್ಕಲ್ಲ, ಕೇಳದೆ ತೆಗೆದುಕೊಳ್ಳುವುದಕ್ಕೆ. ಮುಂದಿನ ಆರ್ಥಿಕ ವರ್ಷದ ಮೊದಲ ಬಿಲ್ಲಿನಿಂದಲೇ ದಿನಾಂಕದ ಆ ಒಂದು ಸಾಲು ಎಲ್ಲರ ಬಿಲ್ಲಿನ ಮೇಲೆ ಬರುವುದಾದರೆ, ಮತ್ತು ಅದೇ ದಿನ ಜಾಬ್‌ವರ್ಕಿನವನ ಹಳೆಯ ಬಾಕಿಯೂ ಸಂದಾಯವಾಗುವುದಾದರೆ, ಸುಧಾರಣೆ ಆರಂಭವಾಯಿತೆಂದು ತಿಳಿಯಬಹುದು.